ಊಹೆಗೆ ಸಿಗುವ ಕೀಲಿಗಳು

ಸರ್ವರ್‌ಗಳನ್ನು ನಡೆಸುವವರ ನಡುವೆ ಡೆಬಿಯನ್ ಲಿನಕ್ಸ್‌ಗೆ ದೊಡ್ಡ ಹೆಸರಿದೆ. 2006ರಲ್ಲಿ ಅದರ ನಿರ್ವಹಣೆಯ ಹೊಣೆ ಹೊತ್ತವರು ಗೂಢಲಿಪೀಕರಣಕ್ಕೆ ಬಳಸುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದ ಎರಡು ಸಾಲು ಕೋಡನ್ನು ನಿಷ್ಕ್ರಿಯಗೊಳಿಸಿದರು. ಮೆಮೊರಿ ಬಳಕೆಯ ತಪ್ಪುಗಳನ್ನು ಹುಡುಕುವ ವ್ಯಾಲ್‌ಗ್ರೈಂಡ್ ಎಂಬ ಸಾಧನ ಆ ಸಾಲುಗಳತ್ತ ಬೆರಳು ತೋರಿಸುತ್ತಲೇ ಇತ್ತು. ತೆಗೆದರೆ ತೊಂದರೆಯುಂಟೇ ಎಂದು ಓಪನ್‌ಎಸ್‌ಎಸ್‌ಎಲ್ ಬಳಗವನ್ನು ಮೊದಲೇ ಕೇಳಲಾಗಿತ್ತು; ಯಾರೂ ತಡೆಯಲಿಲ್ಲ. ಗೋಪ್ಯ ಕೀಲಿಗೆ ಬೇಕಾದ ಅನಿಶ್ಚಿತತೆಯನ್ನೆಲ್ಲ ಒಳಗೆ ಬೆರೆಸುತ್ತಿದ್ದುದು ಆ ಎರಡರಲ್ಲಿ ಒಂದು ಸಾಲು. ಅದು ಹೋದ ಮೇಲೆ, ಚಾಲನೆಯಲ್ಲಿರುವ ಪ್ರೋಗ್ರಾಮಿಗೆ ವ್ಯವಸ್ಥೆ ಕೊಡುವ ಕ್ರಮಸಂಖ್ಯೆಯೊಂದೇ ಕೀಲಿಯ ಮೂಲವಾಗಿ ಉಳಿಯಿತು. ಆ ಸಂಖ್ಯೆಯ ಮಿತಿ ಸಾಮಾನ್ಯವಾಗಿ 32,768.

ಡೆಬಿಯನ್ ಬಳಗದ ಲೂಸಿಯಾನೊ ಬೆಲ್ಲೊ ಈ ದೋಷವನ್ನು ಪತ್ತೆಹಚ್ಚಿ, ಡೆಬಿಯನ್ ಬಹಿರಂಗವಾಗಿ ಎಚ್ಚರಿಕೆ ನೀಡಿದ್ದು 2008ರ ಮೇ 13ರಂದು. ನಡುವಿನ ಸುಮಾರು 20 ತಿಂಗಳು ಡೆಬಿಯನ್ ಮತ್ತು ಅದನ್ನಾಧರಿಸಿದ ಉಬುಂಟು ಯಂತ್ರಗಳಲ್ಲಿ ಹುಟ್ಟಿದ, ದೂರದ ಯಂತ್ರಕ್ಕೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಕೀಲಿಗಳನ್ನೂ ಜಾಲತಾಣ ಪ್ರಮಾಣಪತ್ರಗಳ ಕೀಲಿಗಳನ್ನೂ ಒಂದು ಸಾಧಾರಣ ಕಂಪ್ಯೂಟರ್ ಎಣಿಸಿ ಮುಗಿಸಬಹುದಿತ್ತು.

ಇಷ್ಟು ದಿನ ಯಾರಿಗೂ ತಿಳಿಯಲಿಲ್ಲವೇಕೆ ಎಂಬುದೇ ಇಲ್ಲಿ ಗಟ್ಟಿಯಾಗಿ ಕೇಳಬೇಕಾದ ಪ್ರಶ್ನೆ. ಕೀಲಿಗಳ ಉದ್ದ ಸರಿಯಾಗಿತ್ತು, ಗೂಢಲಿಪೀಕರಣ ಸರಿಯಾಗಿ ನಡೆಯುತ್ತಿತ್ತು, ಲಾಗಿನ್ ಆಗುತ್ತಿತ್ತು. ತಂತ್ರಾಂಶದ ಬೇರೆ ತಪ್ಪುಗಳು ಎಲ್ಲೋ ಒಂದೆಡೆ ಕೆಲಸ ನಿಲ್ಲಿಸಿ ತಮ್ಮನ್ನು ತೋರಿಸಿಕೊಳ್ಳುತ್ತವೆ. ಕೀಲಿಗೆ ಮೂಲವಾಗುವ ಯಾದೃಚ್ಛಿಕ ಸಂಖ್ಯೆಯ ತಪ್ಪಿಗೆ ಆ ಗುಣವಿಲ್ಲ. ಸೊನ್ನೆ, ಒಂದುಗಳು ಸಮವಾಗಿ ಹರಡಿವೆಯೇ ಎಂದು ನೋಡುವ ಸಂಖ್ಯಾಶಾಸ್ತ್ರದ ಪರೀಕ್ಷೆಗಳಿವೆ. ಕೇವಲ ಗಡಿಯಾರದ ಹೊತ್ತಿನಿಂದ ಹೊರಟ ಸಂಖ್ಯಾಸರಣಿಯೂ ಅವುಗಳಲ್ಲಿ ಪಾಸಾಗಬಲ್ಲದು. ದಾಳಿಕೋರನಿಗೆ ಬೇಕಾದದ್ದು ಸಂಖ್ಯೆಯ ಚೆಲುವಲ್ಲ, ಅದು ಎಷ್ಟು ಸಾಧ್ಯತೆಗಳಿಂದ ಆರಿಸಿ ಬಂತು ಎಂಬ ಲೆಕ್ಕ. ಸಂಖ್ಯೆಯನ್ನು ಎಷ್ಟು ದಿಟ್ಟಿಸಿದರೂ ಆ ಲೆಕ್ಕ ಸಿಗದು. ಅದು ಹುಟ್ಟಿದ ಕೋಡನ್ನೇ ಓದಬೇಕು.

ಇದು ಹಳೆಯ ಪಾಠ. 1995ರಲ್ಲಿ ಇಯಾನ್ ಗೋಲ್ಡ್‌ಬರ್ಗ್ ಮತ್ತು ಡೇವಿಡ್ ವ್ಯಾಗ್ನರ್ ನೆಟ್‌ಸ್ಕೇಪ್ ಬ್ರೌಸರ್‌ನ ಗೋಪ್ಯತೆಯನ್ನು ಭೇದಿಸಿದ್ದು ಹೀಗೆಯೇ: ಅದರ ಕೀಲಿಗಳು ಹೊತ್ತು ಮತ್ತು ಪ್ರೋಗ್ರಾಮಿನ ಕ್ರಮಸಂಖ್ಯೆಗಳಿಂದ ಹುಟ್ಟುತ್ತಿದ್ದವು. 2010ರ ಡಿಸೆಂಬರ್‌ನಲ್ಲಿ ಬಯಲಾದ ಪ್ಲೇಸ್ಟೇಷನ್ 3ರ ಪ್ರಕರಣದಲ್ಲಿ, ಪ್ರತಿ ಡಿಜಿಟಲ್ ಸಹಿಗೂ ಹೊಸದಾಗಿರಬೇಕಿದ್ದ ಗುಪ್ತ ಸಂಖ್ಯೆಯನ್ನು ಸೋನಿ ಬದಲಿಸಿಯೇ ಇರಲಿಲ್ಲ. ಎರಡು ಸಹಿಗಳನ್ನು ಪಕ್ಕದಲ್ಲಿಟ್ಟು ಬೀಜಗಣಿತ ಮಾಡಿದರೆ ಖಾಸಗಿ ಕೀಲಿಯೇ ಕೈಗೆ ಬಂತು. 2012ರಲ್ಲಿ ಸಂಶೋಧಕರ ಎರಡು ತಂಡಗಳು ಅಂತರ್ಜಾಲದ ಸಾರ್ವಜನಿಕ ಕೀಲಿಗಳನ್ನು ಒಟ್ಟುಗೂಡಿಸಿ ಹೋಲಿಸಿದಾಗ, ಹಲವು ಕೀಲಿಗಳು ಒಂದೇ ಅವಿಭಾಜ್ಯ ಸಂಖ್ಯೆಯನ್ನು ಹಂಚಿಕೊಂಡಿದ್ದವು. ಅವುಗಳನ್ನು ಒಡೆಯಲು ಹೈಸ್ಕೂಲಿನ ಮ.ಸಾ.ಅ. ಲೆಕ್ಕ ಸಾಕಾಯಿತು. ಆ ಕೀಲಿಗಳಲ್ಲಿ ಹೆಚ್ಚಿನವು ರೂಟರ್, ಫೈರ್‌ವಾಲ್‌ಗಳಂಥ ಪೆಟ್ಟಿಗೆಗಳವು. ಮೊದಲ ಬಾರಿ ವಿದ್ಯುತ್ ಹರಿದ ಕೂಡಲೇ, ಯಾವ ಅನಿಶ್ಚಿತತೆಯೂ ಜಮೆಯಾಗುವ ಮೊದಲೇ, ಆ ಪೆಟ್ಟಿಗೆಗಳು ಕೀಲಿ ತಯಾರಿಸಿಕೊಂಡಿದ್ದವು.

ಪರಿಹಾರ ಕಷ್ಟದ್ದಲ್ಲ ಎಂಬುದೇ ನೋವಿನ ಸಂಗತಿ. ಸಾಧನಗಳ ಚಲನವಲನದ ಸೂಕ್ಷ್ಮ ಏರುಪೇರುಗಳನ್ನು ಕಂಪ್ಯೂಟರ್ ವ್ಯವಸ್ಥೆಯ ತಿರುಳಾದ ಕರ್ನಲ್ ತಾನೇ ಸಂಗ್ರಹಿಸುತ್ತದೆ. ಲಿನಕ್ಸ್‌ನಲ್ಲಿ 2014ರಿಂದ ಇರುವ ಗೆಟ್‌ರ‍್ಯಾಂಡಮ್ ಕರೆ, ಸಂಗ್ರಹ ಸಾಕಷ್ಟಾಗುವವರೆಗೆ ಕಾದು ಆಮೇಲೆ ಕೊಡುತ್ತದೆ. ಪೈಥಾನ್ ಭಾಷೆಯ 3.6ನೇ ಆವೃತ್ತಿಯಲ್ಲಿ ಇಂಥ ಗೋಪ್ಯ ಸಂಖ್ಯೆಗಳಿಗೆಂದೇ ಸೀಕ್ರೆಟ್ಸ್ ಎಂಬ ಮಾಡ್ಯೂಲ್ ಬಂತು. ಅದೇ ಪೈಥಾನಿನ ರ‍್ಯಾಂಡಮ್ ಮಾಡ್ಯೂಲ್ ಬಳಸುವ ಮರ್ಸೆನ್ ಟ್ವಿಸ್ಟರ್ ಎಂಬ ವಿಧಾನ ಆಟಕ್ಕೆ, ಹವಾಮಾನದ ಮಾದರಿಗೆ ಒಳ್ಳೆಯದೇ. ಆದರೆ ಅದರ 624 ಫಲಿತಾಂಶಗಳನ್ನು ಪೂರ್ತಿಯಾಗಿ ಕಂಡವರು ಮುಂದಿನವನ್ನೆಲ್ಲ ಹೇಳಬಲ್ಲರು. ಅದರಿಂದ ಒಟಿಪಿ, ಪಾಸ್‌ವರ್ಡ್ ಬದಲಾವಣೆಯ ಲಿಂಕ್ ತಯಾರಿಸುವುದು ಅಕ್ಷಮ್ಯ.

ಪಾವತಿ, ಆರೋಗ್ಯ, ಸರ್ಕಾರಿ ಸೇವೆಗಳ ತಂತ್ರಾಂಶ ಬೆಂಗಳೂರಿನಲ್ಲಿ ದಿನವೂ ಬರೆಯಲ್ಪಡುತ್ತಿದೆ. ಇಲ್ಲಿನ ಎಂಜಿನಿಯರಿಂಗ್ ಕಾಲೇಜುಗಳ ಸಿ ಲ್ಯಾಬ್‌ನಲ್ಲಿ ಗಡಿಯಾರದ ಹೊತ್ತನ್ನು ಬೀಜವಾಗಿಟ್ಟು ಸಂಖ್ಯೆ ಹುಟ್ಟಿಸುವುದನ್ನು ಕಲಿಸುವವರು, ಗೋಪ್ಯತೆಗೆ ಅದು ಸಲ್ಲದು ಎಂಬುದನ್ನೂ ಅದೇ ತರಗತಿಯಲ್ಲಿ ಹೇಳಬೇಕು. ದೇಶದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್‌-ಇನ್ ಪಟ್ಟಿಯಲ್ಲಿರುವ ಸಂಸ್ಥೆಗಳು ನಡೆಸುವ ಭದ್ರತಾ ತಪಾಸಣೆ, ಜಾಲತಾಣದ ಬಾಗಿಲನ್ನು ಹೊರಗಿನಿಂದ ತಟ್ಟಿ ನೋಡುವುದಕ್ಕೆ ನಿಲ್ಲಬಾರದು. ಕೀಲಿ, ಟೋಕನ್, ಒಟಿಪಿ ಹುಟ್ಟುವ ಪ್ರತಿಯೊಂದು ಸಾಲನ್ನೂ ತೆರೆದು ಓದಿ, ಸಂಖ್ಯೆಯ ಮೂಲವನ್ನು ವರದಿಯಲ್ಲಿ ಬರೆಯಬೇಕು. ಸಾರ್ವಜನಿಕ ಹಣದಿಂದ ಕೊಳ್ಳುವ ತಂತ್ರಾಂಶಕ್ಕೆ ಇದು ಟೆಂಡರ್‌ನ ಷರತ್ತೇ ಆಗಲಿ.

ಕೋಡ್ ಸರಿಪಡಿಸಿದ ಮಾತ್ರಕ್ಕೆ ಹಳೆಯ ಕೀಲಿಗಳು ಸರಿಯಾಗುವುದಿಲ್ಲ. ಡೆಬಿಯನ್ ದುರ್ಬಲ ಕೀಲಿಗಳ ಪಟ್ಟಿಯನ್ನೇ ಹಂಚಿತ್ತು. ಆದರೂ 2015ರಲ್ಲಿ, ಅಂದರೆ ಏಳು ವರ್ಷ ಕಳೆದ ಮೇಲೂ, ಕೋಡ್ ಹಂಚಿಕೆಯ ತಾಣವಾದ ಗಿಟ್‌ಹಬ್ ಬಳಕೆದಾರರ ಖಾತೆಗಳಲ್ಲಿ ಅಂಥ ಕೀಲಿಗಳು ಸಿಕ್ಕವು. ಆದ್ದರಿಂದ ಪ್ರತಿ ಸಂಸ್ಥೆಯೂ ತನ್ನ ಕೀಲಿಗಳಿಗೊಂದು ದಾಖಲೆ ಇಡಬೇಕು: ಯಾವ ಯಂತ್ರದಲ್ಲಿ, ಯಾವ ತಂತ್ರಾಂಶದ ಯಾವ ಆವೃತ್ತಿಯಿಂದ, ಯಾವ ದಿನ ಹುಟ್ಟಿದ್ದು ಎಂದು. ಮುಂದಿನ ದೋಷ ಬಯಲಾದ ದಿನ ಯಾವ ಕೀಲಿಗಳನ್ನು ರದ್ದುಪಡಿಸಬೇಕೆಂದು ತಿಳಿಯುವುದು ಆ ದಾಖಲೆಯಿಂದಲೇ.