ಬೆಲ್ಲು ಯಾರದು, ಹೊತ್ತು ಯಾರದು?

ಹೈಸ್ಕೂಲಿನ ವೇಳಾಪಟ್ಟಿ ಗೋಡೆಗೆ ಅಂಟಿಸಿದ ಒಂದು ಹಾಳೆ. ಅದರಲ್ಲಿ ಯಾರ ಜಾತಿಯ ಹೆಸರೂ ಇಲ್ಲ. ಹಾಗಾಗಿ ಅದನ್ನು ಯಾರೂ ಅನುಮಾನದಿಂದ ನೋಡುವುದಿಲ್ಲ. ನಾವು ನೋಡಬೇಕಾಗಿದೆ. ಯಾವ ವಿಷಯಕ್ಕೆ ಎಷ್ಟು ಪೀರಿಯಡ್ಡು, ಯಾವುದು ಬೆಳಿಗ್ಗೆ, ಯಾವುದು ಊಟ ಆದ ಮೇಲೆ ತೂಕಡಿಸೋ ಹೊತ್ತಿಗೆ, ಯಾವುದನ್ನು ಕಿತ್ತು ಯಾವುದಕ್ಕೆ ಕೊಟ್ಟರು, ಇಷ್ಟನ್ನು ಓದಿದರೆ ಸಾಕು. ಈ ವ್ಯವಸ್ಥೆ ಯಾರ ಮಕ್ಕಳನ್ನು ಏನು ಮಾಡಬೇಕೆಂದಿದೆ ಅನ್ನೋದು ತಿಳಿದುಹೋಗುತ್ತದೆ.

ನಾವು ಮಾತಾಡುತ್ತಿರುವುದು ಜಂಗಮಕೋಟೆಯ ಸುತ್ತಿನ ಹಳ್ಳಿಗಳ ಮಕ್ಕಳ ಬಗ್ಗೆ. ಶಿಡ್ಲಘಟ್ಟ ತಾಲ್ಲೂಕಿನ ಈ ಹೋಬಳಿ ೨೦೦೭ರವರೆಗೆ ಕೋಲಾರ ಜಿಲ್ಲೆಯಲ್ಲಿತ್ತು, ಆಮೇಲೆ ಚಿಕ್ಕಬಳ್ಳಾಪುರಕ್ಕೆ ಸೇರಿತು. ಜಿಲ್ಲೆ ಬದಲಾಯಿತು, ಕಚೇರಿಯ ಬೋರ್ಡು ಬದಲಾಯಿತು. ಹಿಪ್ಪುನೇರಳೆ ಸೊಪ್ಪು ಕೊಯ್ಯುವ ಕೈ ಬದಲಾಗಲಿಲ್ಲ, ಆ ಕೈಗಳು ಬರುವ ಕೇರಿ ಬದಲಾಗಲಿಲ್ಲ. ಇದು ಒಂದು ಊರಿನ ದೂರಲ್ಲ, ಒಬ್ಬ ಹೆಡ್‌ಮಾಸ್ಟರ ಮೇಲಿನ ಸಿಟ್ಟೂ ಅಲ್ಲ. ಚಿಂತಾಮಣಿಯ ಕಡೆಯವರು, ಗೌರಿಬಿದನೂರಿನ ಕಡೆಯವರು ಇದನ್ನು ಓದಿದರೆ ‘ನಮ್ಮಲ್ಲೂ ಇದೇ ಕಥೆ’ ಅನ್ನುತ್ತಾರೆಂದು ನಮಗೆ ಗೊತ್ತು.

ಕಥೆ ಹೀಗಿದೆ. ೨೦೨೩ರಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ. ೮೩.೮೯ ಇತ್ತು. ೨೦೨೪ರಲ್ಲಿ ಪರೀಕ್ಷೆಯ ಕೋಣೆಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಬಂತು. ಕೃಪಾಂಕವನ್ನು ಶೇ. ೧೦ರಿಂದ ೨೦ಕ್ಕೆ ಏರಿಸಿದರೂ ಫಲಿತಾಂಶ ಶೇ. ೭೩.೪೦ಕ್ಕೆ ಬಿತ್ತು. ಆಗ ಮೇಲಿನಿಂದ ಕೆಳಕ್ಕೆ ಬೈಗುಳ ಇಳಿಯಿತು. ರಾಜಧಾನಿಯಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಹೆಡ್‌ಮಾಸ್ಟರಿಗೆ, ಅವರಿಂದ ಮೇಷ್ಟ್ರಿಗೆ. ಕಡೆಗೆ ಇಳಿದು ಕೂತದ್ದು ಹದಿನೈದು ವರ್ಷದ ಹುಡುಗಿಯ ತಲೆಯ ಮೇಲೆ. ಎಷ್ಟೋ ವರ್ಷ ಕಲಿಸದೆ ಬಿಟ್ಟದ್ದನ್ನು ಒಂದೇ ವರ್ಷದಲ್ಲಿ ತುರುಕಬೇಕು. ತುರುಕಲು ಹೊತ್ತು ಬೇಕು. ಹೊತ್ತು ಎಲ್ಲಿಂದ ತರೋದು? ಎರಡು ಕಡೆಯಿಂದ ತಂದರು. ಒಂದು, ಬೆಲ್ಲಿಗೆ ಮುಂಚಿನ ಮತ್ತು ಬೆಲ್ಲಾದ ಮೇಲಿನ ಹೊತ್ತು. ಇನ್ನೊಂದು, ಚಿತ್ರಕಲೆ, ಸಂಗೀತ, ಆಟ, ಲೈಬ್ರರಿಯ ಪೀರಿಯಡ್ಡು.

ಅಟೆಂಡರ್ ಕ್ಲಾಸಿನಿಂದ ಕ್ಲಾಸಿಗೆ ಹಿಡಿದು ತಿರುಗುವ ಸೂಚನಾ ಪುಸ್ತಕ ಇದೆಯಲ್ಲ, ಅದರ ಭಾಷೆ ನಿಮಗೆಲ್ಲ ಗೊತ್ತು. ನಾಳೆಯಿಂದ ಬೆಳಿಗ್ಗೆ ವಿಶೇಷ ತರಗತಿ, ತಪ್ಪದೆ ಹಾಜರಾಗತಕ್ಕದ್ದು. ಶನಿವಾರದ ಕಡೇ ಪೀರಿಯಡ್ಡಿನಲ್ಲಿ ಗಣಿತ. ಪ್ರತಿಭಾ ಕಾರಂಜಿಗೆ ಹೆಸರು ಕೊಡುವವರು ಇವತ್ತು ಸಂಜೆಯೊಳಗೆ ಕೊಡತಕ್ಕದ್ದು. ಎಲ್ಲಾ ‘ತಕ್ಕದ್ದು’. ಆ ಪುಸ್ತಕದಲ್ಲಿ ‘ನಿಮಗೆ ಆಗುತ್ತಾ?’ ಎಂಬ ಒಂದೇ ಒಂದು ಪ್ರಶ್ನೆಯನ್ನು ಯಾರಾದರೂ ಬರೆದದ್ದುಂಟೆ? ಪ್ರಾರ್ಥನೆಯಲ್ಲಿ ನಿಂತ ಮಕ್ಕಳಿಗೆ ಕೂಗಿ ಹೇಳಿದರೆ ಮುಗಿಯಿತು. ಕೇಳಿಸಿಕೊಳ್ಳದವನು ಸೋಮಾರಿ, ಬರದವನು ದಡ್ಡ.

ಬೆಳಿಗ್ಗೆ ಎಂಟು ಗಂಟೆಗೆ ಯಾಕೆ ಬರಲಾಗಲ್ಲ ಅನ್ನೋದನ್ನು ಹೇಳುತ್ತೇವೆ, ಕೇಳಿ. ಹಿಪ್ಪುನೇರಳೆ ಸೊಪ್ಪನ್ನು ಬಿಸಿಲೇರುವ ಮುಂಚೆ ಕೊಯ್ಯಬೇಕು. ಬಿಸಿಲಲ್ಲಿ ಕೊಯ್ದರೆ ಬಾಡುತ್ತದೆ, ಬಾಡಿದ್ದನ್ನು ಹುಳ ತಿನ್ನಲ್ಲ. ನಾಲ್ಕನೇ ಜ್ವರದಿಂದ ಹುಳ ಎದ್ದ ಮೇಲಂತೂ ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ಹುಳ ತನ್ನ ಜನ್ಮದಲ್ಲಿ ತಿನ್ನುವ ಸೊಪ್ಪಿನ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ಆ ಕಡೇ ವಾರದಲ್ಲೇ ತಿನ್ನುತ್ತದೆ. ಹಣ್ಣಾದ ಹುಳ ಆರಿಸಿ ಚಂದ್ರಿಕೆಗೆ ಬಿಡುವ ದಿನ ಗಡಿಯಾರ ನೋಡುವ ಹಾಗಿಲ್ಲ. ಹುಳದ ಮನೆ ಉಳ್ಳವರ ಮಗನಿಗೆ ಟ್ಯೂಷನ್ನಿದೆ, ಬೈಕಿದೆ. ಅವನ ತೋಟದಲ್ಲಿ ಕೂಲಿಗೆ ಬಂದವರ ಮಗಳಿಗೆ ಏನಿದೆ? ಅಮ್ಮ ಸೊಪ್ಪಿಗೆ ಹೋದರೆ ತಮ್ಮನಿಗೆ ಗಂಜಿ ಕಾಯಿಸಿ, ನೀರು ಹಿಡಿದು, ಕ್ರಾಸಿಗೆ ನಡೆದು ಬಸ್ಸು ಹಿಡಿಯಬೇಕು. ಬಸ್ಸು ಬರೋದು ಬಸ್ಸಿನ ಹೊತ್ತಿಗೆ, ಸೂಚನಾ ಪುಸ್ತಕದ ಹೊತ್ತಿಗಲ್ಲ. ಸಂಜೆ ಆರಕ್ಕೆ ಬಿಟ್ಟರೆ ಕತ್ತಲಲ್ಲಿ ಹೆಣ್ಣುಮಕ್ಕಳು ಹೆಂಗೆ ಹೋಗ್ತಾರೆ ಸ್ವಾಮಿ? ನಾಲ್ಕು ದಿನ ಬೈಸಿಕೊಂಡು ಐದನೇ ದಿನ ಅಪ್ಪನೇ ‘ಸಾಕು ಬಿಡಮ್ಮ’ ಅನ್ನುತ್ತಾನೆ. ಫಲಿತಾಂಶ ಏರಿಸುವ ತರಗತಿ ಯಾರಿಗೆ ಬೇಕಿತ್ತೋ ಅವರನ್ನೇ ಹೊರಗಿಟ್ಟು ನಡೆಯುತ್ತದೆ.

ಪಾಸಿನ ಮಿತಿಯನ್ನು ೨೦೨೫ರಲ್ಲಿ ಶೇ. ೩೫ರಿಂದ ೩೩ಕ್ಕೆ ಇಳಿಸಿದರು. ಅಂಕದ ಮಿತಿ ಇಳಿಸಲು ಇವರಿಗೆ ಬರುತ್ತದೆ. ಹೊತ್ತನ್ನು ಮಕ್ಕಳ ಕಡೆಗೆ ತಿರುಗಿಸಲು ಬರುವುದಿಲ್ಲ.

ಇನ್ನು ಕಿತ್ತುಕೊಂಡ ಪೀರಿಯಡ್ಡುಗಳ ವಿಚಾರ. ಎಸ್ಸೆಸ್ಸೆಲ್ಸಿಯ ಒಟ್ಟು ಅಂಕ ೬೨೫. ಪ್ರಥಮ ಭಾಷೆಗೆ ೧೨೫, ಉಳಿದ ಐದು ವಿಷಯಕ್ಕೆ ನೂರು ನೂರು. ಅದರಲ್ಲಿ ಚಿತ್ರಕ್ಕೆ, ಹಾಡಿಗೆ, ನಾಟಕಕ್ಕೆ ಸೊನ್ನೆ. ಅಂಕ ಇಲ್ಲದ್ದಕ್ಕೆ ಬೆಲೆ ಇಲ್ಲ, ಬೆಲೆ ಇಲ್ಲದ್ದಕ್ಕೆ ಮೇಷ್ಟ್ರಿಲ್ಲ. ಡ್ರಾಯಿಂಗ್ ಮೇಷ್ಟ್ರು ರಿಟೈರ್ ಆದರೆ ಆ ಕುರ್ಚಿ ಖಾಲಿ. ಸಂಗೀತದ ಮೇಡಂ ಇರುವ ಸರ್ಕಾರಿ ಹೈಸ್ಕೂಲು ಹುಡುಕಬೇಕು. ಆದರೂ ವರ್ಷದ ಕೊನೆಗೆ ಕಲಾ ಶಿಕ್ಷಣಕ್ಕೆ ಗ್ರೇಡು ಬರೆಯುತ್ತಾರೆ! ಬಣ್ಣದ ಡಬ್ಬಿ ಮುಟ್ಟದ ಹುಡುಗನಿಗೆ ‘ಎ’, ಹಾಡದೆ ಹತ್ತನೇ ಕ್ಲಾಸು ದಾಟಿದ ಹುಡುಗಿಗೆ ‘ಎ ಪ್ಲಸ್’. ಕಲಿಸದ ಪಾಠಕ್ಕೆ ಕೊಡುವ ಈ ಗ್ರೇಡು ಯಾರ ಕಣ್ಣಿಗೆ ಎರಚುವ ಮಣ್ಣು?

೨೦೦೫ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ತರಗತಿಯವರೆಗೆ ಕಲೆಯನ್ನು ಒಂದು ವಿಷಯವಾಗಿಯೇ ಕಲಿಸಬೇಕೆಂದಿತು. ೧೯೮೯ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ ೩೧ನೇ ವಿಧಿ ಆಟ, ಬಿಡುವು, ಕಲೆ ಮಗುವಿನ ಹಕ್ಕು ಅನ್ನುತ್ತದೆ. ೧೯೯೨ರಲ್ಲಿ ಭಾರತವೂ ಅದನ್ನು ಒಪ್ಪಿತು. ಕಾಗದ ಚೆನ್ನಾಗಿದೆ. ಕಾಗದದಿಂದ ಕ್ಲಾಸಿನ ಬಾಗಿಲವರೆಗೆ ಬರುವಷ್ಟರಲ್ಲಿ ಆ ಹಕ್ಕು ಗಣಿತದ ಪೀರಿಯಡ್ಡಾಗುತ್ತದೆ.

ಪ್ರತಿಭಾ ಕಾರಂಜಿ ಇದೆಯಲ್ಲ ಅನ್ನುತ್ತಾರೆ. ಇದೆ, ಎರಡು ದಶಕದಿಂದ ನಡೆಯುತ್ತಿದೆ. ಕ್ಲಸ್ಟರು, ತಾಲ್ಲೂಕು, ಜಿಲ್ಲೆ, ರಾಜ್ಯ. ಪಟ್ಟಿಯಲ್ಲಿ ಧಾರ್ಮಿಕ ಪಠಣ ಇದೆ, ಭರತನಾಟ್ಯ ಇದೆ, ಭಾವಗೀತೆ ಇದೆ, ಛದ್ಮವೇಷ ಇದೆ, ಜಾನಪದ ಗೀತೆಯೂ ಇದೆ. ನಾವು ಕೇಳುವುದು ಒಂದೇ: ಕಲಿಸಿದ್ದು ಯಾವಾಗ? ಶಾಲೆಯಲ್ಲಿ ಕಲಿಸದೆ ಸ್ಪರ್ಧೆ ಇಟ್ಟರೆ ಗೆಲ್ಲುವವರು ಮನೆಯಲ್ಲಿ ಕಲಿತವರು. ಭರತನಾಟ್ಯ ಕಲಿಸುವ ಮನೆ ಹೊಲಗೇರಿಯಲ್ಲಿಲ್ಲ. ಗೆಜ್ಜೆ, ಸೀರೆ, ಮೇಕಪ್ಪಿನ ಬಾಡಿಗೆ ಕೊಡಲು ಕೂಲಿಯ ದುಡ್ಡು ಸಾಲಲ್ಲ. ನಮ್ಮ ಮಕ್ಕಳು ಶಾಮಿಯಾನದ ಕೆಳಗೆ ಕೂತು ಚಪ್ಪಾಳೆ ತಟ್ಟುತ್ತಾರೆ, ಕುರ್ಚಿ ಹೊರುತ್ತಾರೆ, ಕಡೆಗೆ ಕಸ ಗುಡಿಸುತ್ತಾರೆ. ಕಾರಂಜಿ ಚಿಮ್ಮುವುದು ನಲ್ಲಿ ಇದ್ದವರ ಅಂಗಳದಲ್ಲಿ.

ಇಲ್ಲಿ ನಮ್ಮವರೇ ಒಂದು ಮಾತು ಎತ್ತುತ್ತಾರೆ. ಅದನ್ನು ತಳ್ಳಿಹಾಕುವ ಹಾಗಿಲ್ಲ. ‘ಅಣ್ಣಾ, ತಲೆತಲಾಂತರದಿಂದ ತಮಟೆ ಬಡಿದು ಬಡಿದು ಸಾಕಾಗೈತೆ. ಸಾವಿಗೆ ಬಡಿದ್ವಿ, ಜಾತ್ರೆಗೆ ಬಡಿದ್ವಿ, ಗೌಡರ ಮನೆ ಮುಂದೆ ನಿಂತು ಬಡಿದ್ವಿ. ಈಗ ಸ್ಕೂಲಲ್ಲೂ ನನ್ನ ಮಗ ತಮಟೆ ಬಡೀಬೇಕಾ? ಗಣಿತ ಕಲೀಲಿ, ಇಂಗ್ಲಿಷ್ ಕಲೀಲಿ, ಆಫೀಸಿಗೆ ಹೋಗ್ಲಿ’ ಅನ್ನುತ್ತಾರೆ. ಈ ಮಾತಿನ ಹಿಂದೆ ಎಷ್ಟು ಅವಮಾನದ ಲೆಕ್ಕ ಇದೆ ಅನ್ನೋದು ನಮಗೆ ತಿಳಿಯದ್ದಲ್ಲ. ಬಿಟ್ಟಿ ಚಾಕರಿಗೆ ಕಲೆ ಎಂಬ ಹೆಸರಿಟ್ಟು ಹೊಗಳುವವರ ಜೊತೆ ನಾವಿಲ್ಲ.

ಆದರೆ ನಮ್ಮ ಬೇಡಿಕೆಯನ್ನು ಸರಿಯಾಗಿ ಕೇಳಿಸಿಕೊಳ್ಳಿ. ಮಾದಿಗರ ಹುಡುಗನ ಕೈಗೆ ತಮಟೆ ಕೊಡಿ ಎಂದು ನಾವು ಕೇಳುತ್ತಿಲ್ಲ. ರೆಡ್ಡಿಯವರ ಹುಡುಗನ ಕೈಗೂ ಕೊಡಿ, ಗೌಡರ ಹುಡುಗಿಯ ಕೈಗೂ ಕೊಡಿ, ಬ್ರಾಹ್ಮಣರ ಮಗುವಿನ ಕೈಗೂ ಕೊಡಿ. ನಮ್ಮ ಹುಡುಗಿಯ ತೊಡೆಯ ಮೇಲೆ ವೀಣೆ ಇಡಿ. ಚರ್ಮ ಮುಟ್ಟಿದ ಕೈ ಮೈಲಿಗೆ ಎಂಬುದು ಭಾಷಣದಿಂದ ಸಾಯುವ ರೋಗವಲ್ಲ. ನಲವತ್ತು ಮಕ್ಕಳು ಸಾಲಾಗಿ ನಿಂತು ಒಂದೇ ಚರ್ಮವನ್ನು ಬೆಂಕಿಗೆ ಹಿಡಿದು ಕಾಯಿಸಿ, ಒಂದೇ ತಾಳಕ್ಕೆ ಬಡಿದ ದಿನ ಅದಕ್ಕೆ ಮೊದಲ ಏಟು ಬೀಳುತ್ತದೆ. ಆ ಏಟು ಗಣಿತದ ಪೀರಿಯಡ್ಡಿನಲ್ಲಿ ಬೀಳುವುದಿಲ್ಲ.

ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿ ೨೦೨೩ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಪದ್ಮಶ್ರೀ ದಿಲ್ಲಿಯಿಂದ ನಮ್ಮ ತಾಲ್ಲೂಕಿಗೆ ಬಂತು. ತಮಟೆ ಮಾತ್ರ ನಮ್ಮ ತಾಲ್ಲೂಕಿನ ಹೈಸ್ಕೂಲಿನ ವೇಳಾಪಟ್ಟಿಗೆ ಬರಲಿಲ್ಲ. ಮಂತ್ರಿಗಳು ಬಂದಾಗ ಮೆರವಣಿಗೆಯ ಮುಂದೆ ಬಡಿಸಲು ಬೇಕು, ಪೀರಿಯಡ್ಡು ಕೊಡಲು ಬೇಡ. ಇದಕ್ಕೆ ಏನು ಹೆಸರಿಡೋಣ?

ಭಾಷೆಯ ಪೀರಿಯಡ್ಡಿನ ಕಥೆಯೂ ಇದೇ. ನಮ್ಮ ಕಡೆ ಮನೆಯಲ್ಲಿ ತೆಲುಗು, ಬೀದಿಯಲ್ಲಿ ತೆಲುಗು ಬೆರೆತ ಕನ್ನಡ, ಪುಸ್ತಕದಲ್ಲಿ ನಮ್ಮ ಕಡೆ ಯಾರೂ ಆಡದ ಕನ್ನಡ. ಬಳೆ ಮಾರುತ್ತಿದ್ದ ಕೈವಾರದ ನಾರೇಯಣ ತಾತ ತೆಲುಗಿನಲ್ಲೂ ಹಾಡಿದ, ಕನ್ನಡದಲ್ಲೂ ಹಾಡಿದ. ಅಕ್ಷರ ಕಲಿಯದವರು ರಾತ್ರಿಯೆಲ್ಲ ಕೂತು ಅವನ ತತ್ವಪದ ಹಾಡುತ್ತಾರೆ. ಅವರಿಗೆ ಎರಡು ಭಾಷೆ ಭಾರವಾಗಲಿಲ್ಲ. ಶಾಲೆಯಲ್ಲಿ ಮಾತ್ರ ಯಾಕೆ ಭಾರ? ‘ಐತೆ’ ಅಂದರೆ ನಗುತ್ತಾರೆ, ತೆಲುಗು ಆಡಿದರೆ ಗದರುತ್ತಾರೆ. ಮಗು ಬಾಯಿ ಮುಚ್ಚುತ್ತದೆ. ಮುಚ್ಚಿದ ಬಾಯನ್ನು ಪ್ರಶ್ನೋತ್ತರ ಉರು ಹೊಡೆಸಿ ತೆರೆಯಲಾಗುವುದಿಲ್ಲ. ನಾಟಕ ಆಡಿಸಿ, ಚರ್ಚೆಗೆ ನಿಲ್ಲಿಸಿ, ಕೇರಿಯ ಕಥೆ ಹೇಳಿಸಿ, ಆಗ ತೆರೆಯುತ್ತದೆ.

ಇದು ಹಳೆಯ ಜಗಳ. ಓದಬೇಕೆಂದ ಭೀಮರಾಯನಿಗೆ ಹೈಸ್ಕೂಲಿನಲ್ಲಿ ಸಂಸ್ಕೃತ ಸಿಗಲಿಲ್ಲ, ಪರ್ಷಿಯನ್ ತೆಗೆದುಕೊಳ್ಳಬೇಕಾಯಿತು. ಅಂದಿನ ವೇಳಾಪಟ್ಟಿಗೂ ಜಾತಿ ಇತ್ತು. ಅದೇ ಬಾಬಾಸಾಹೇಬರು ಸಂವಿಧಾನ ಬರೆದ ಕೈಯಲ್ಲಿ ಪಿಟೀಲು ಹಿಡಿದು ಕಲಿಯಲು ಕೂತರು. ಅವರಿಗೆ ಕಾನೂನೂ ಬೇಕಿತ್ತು, ಪಿಟೀಲೂ ಬೇಕಿತ್ತು. ೧೯೭೩ರಲ್ಲಿ ಮಂತ್ರಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದರು. ದಲಿತ ವಿದ್ಯಾರ್ಥಿಗಳಿಗೆ ಏಟು ಬಿತ್ತು, ಅವರ ಮಂತ್ರಿಗಿರಿ ಹೋಯಿತು. ೧೯೭೫ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂತು. ಕೇರಿಯ ಬಾಯಿಗೆ ಹೊತ್ತು ಸಿಕ್ಕರೆ ಏನಾಗುತ್ತದೆ ಎಂಬುದನ್ನು ನಾಡು ಅಂದು ನೋಡಿತು. ೧೯೮೧ರ ಗೋಕಾಕ್ ವರದಿ ಹೈಸ್ಕೂಲಿನಲ್ಲಿ ಕನ್ನಡಕ್ಕೆ ೧೫೦ ಅಂಕ ಕೇಳಿತು, ಬೀದಿಗೆ ಜನ ಬಂದರು. ಅಂಕಕ್ಕೆ ಹೋರಾಡಿದವರು ಬಹಳ. ಆ ಅಂಕದ ಹಿಂದಿನ ಪೀರಿಯಡ್ಡಿನಲ್ಲಿ ಕೇರಿಯ ಮಗು ಬಾಯಿ ಬಿಡುತ್ತದೋ ಇಲ್ಲವೋ ಎಂದು ಕೇಳಿದವರು ಎಷ್ಟು ಮಂದಿ?

ಹೊಟ್ಟೆಗಿಲ್ಲದ ಮಕ್ಕಳಿಗೆ ಹಾಡು ಯಾಕೆ ಎನ್ನುವ ಪ್ರಜ್ಞಾವಂತರಿಗೆ ಒಂದು ಮಾತು. ಜಂಗಮಕೋಟೆ ಹೋಬಳಿಯಲ್ಲಿ ಕೈಗಾರಿಕೆಗೆ ಜಮೀನು ಹಿಡಿಯುವ ವಿಚಾರಕ್ಕೆ ಕೊಡುವವರು, ಕೊಡದವರು ಎಂದು ಊರುಗಳೇ ಎರಡಾಗಿ ನಿಂತದ್ದನ್ನು ನೋಡಿದ್ದೀರಿ. ಅಂಥ ಸಭೆಯಲ್ಲಿ ಸಾಹೇಬರ ಮುಂದೆ ಎದ್ದು ನಿಂತು ನೋಟಿಸು ಓದಿ, ಅರ್ಥ ಕೇಳಿ, ‘ಇದು ಸರಿಯಿಲ್ಲ ಸಾರ್’ ಅನ್ನಲು ಬಾಯಿ ಬೇಕು. ಆ ಬಾಯಿ ಚರ್ಚಾಸ್ಪರ್ಧೆಯಲ್ಲಿ, ನಾಟಕದಲ್ಲಿ, ಕವನ ವಾಚನದಲ್ಲಿ ಪಳಗುತ್ತದೆ. ಅದಕ್ಕೇ ಆ ಪೀರಿಯಡ್ಡು ಮೊದಲು ಹೋಗುತ್ತದೆ. ಯಾರೋ ಕೂತು ಹುನ್ನಾರ ಮಾಡಬೇಕಾಗಿಯೂ ಇಲ್ಲ. ಮೂಕರು ಬೇಕಾದ ವ್ಯವಸ್ಥೆಗೆ ಅದು ಅಭ್ಯಾಸವಾಗಿಬಿಟ್ಟಿದೆ.

ಬೇರೆ ದಾರಿ ಇಲ್ಲ ಎಂದು ಹೇಳಬೇಡಿ, ನಮ್ಮ ಸೀಮೆಯಲ್ಲೇ ಇದೆ. ಗೌರಿಬಿದನೂರಿನ ಹೊಸೂರಿನಿಂದ ಓದಲು ಬೆಂಗಳೂರಿಗೆ ನಡೆದುಹೋದ ಬಡ ಹುಡುಗ ಎಚ್. ನರಸಿಂಹಯ್ಯ ಭೌತಶಾಸ್ತ್ರ ಓದಿದರು, ಕುಲಪತಿಯಾದರು, ಮೂಢನಂಬಿಕೆಯ ಎದುರು ನಿಂತರು. ಅವರೇ ತಮ್ಮ ಸಂಸ್ಥೆಯಲ್ಲಿ ಸಂಗೀತ, ನಾಟಕಕ್ಕೆ ವೇದಿಕೆ ಕಟ್ಟಿದರು. ವಿಜ್ಞಾನಕ್ಕೆ ಹೊತ್ತು ಸಾಲದು ಎಂದು ಹಾಡನ್ನು ಹೊರಗಟ್ಟಲಿಲ್ಲ. ಕೋಲಾರದ ತೇರಹಳ್ಳಿ ಬೆಟ್ಟದಲ್ಲಿ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ಕಟ್ಟಿದ ‘ಆದಿಮ’ ಹುಣ್ಣಿಮೆ ಹುಣ್ಣಿಮೆಗೆ ಹಾಡು, ನಾಟಕ ನಡೆಸಿ ಹಳ್ಳಿಯ ಜನರನ್ನು, ಮಕ್ಕಳನ್ನು ಬೆಟ್ಟ ಹತ್ತಿಸಿತು. ಒಂದು ಗೆಳೆಯರ ಗುಂಪಿಗೆ ಆದದ್ದು ಒಂದು ಇಲಾಖೆಗೆ ಯಾಕೆ ಆಗುವುದಿಲ್ಲ?

ಹಾಗಾಗಿ ನಮ್ಮ ಬೇಡಿಕೆಗಳನ್ನು ಬರೆದು ಇಡುತ್ತೇವೆ.

ಒಂದು: ಚಿತ್ರ, ಹಾಡು, ನಾಟಕ, ಆಟದ ಪೀರಿಯಡ್ಡು ಬೆಲ್ಲಿನ ಒಳಗೇ ಇರಬೇಕು. ಬೇರೆ ವಿಷಯಕ್ಕೆ ತೆಗೆದುಕೊಂಡರೆ ಸಾಲ ಎಂದು ನೋಟಿಸ್ ಬೋರ್ಡಿನಲ್ಲಿ ಬರೆಯಬೇಕು, ತೀರಿಸುವ ದಿನವನ್ನೂ ಬರೆಯಬೇಕು.

ಎರಡು: ಖಾಲಿ ಬಿದ್ದ ಕಲಾ ಶಿಕ್ಷಕರ ಹುದ್ದೆ ತುಂಬಬೇಕು. ತುಂಬುವವರೆಗೆ ಊರಿನ ತಮಟೆಯವರನ್ನು, ತತ್ವಪದ ಹಾಡುವವರನ್ನು ಮೇಷ್ಟ್ರ ಕುರ್ಚಿಯಲ್ಲಿ ಕೂರಿಸಿ ಸಂಬಳ ಕೊಟ್ಟು ಕಲಿಸಬೇಕು. ಶಾಲು ಹೊದಿಸಿ ಕಳಿಸುವುದು ಬೇಡ.

ಮೂರು: ವೇಳಾಪಟ್ಟಿ ಬದಲಾಗುವುದಿದ್ದರೆ ಮೊದಲು ಎಸ್‌ಡಿಎಂಸಿಯಲ್ಲಿ ತಾಯಂದಿರ ಮುಂದೆ ಓದಬೇಕು. ಹುಳದ ಕೆಲಸ, ಬಸ್ಸಿನ ಹೊತ್ತು, ಕತ್ತಲು, ಇವನ್ನು ಕೇಳಿ ಗಂಟೆ ಗೊತ್ತು ಮಾಡಬೇಕು.

ನಾಲ್ಕು: ಹತ್ತನೇ ಕ್ಲಾಸಿನ ಕೊನೇ ಮೂರು ತಿಂಗಳಲ್ಲಿ ತುರುಕುವುದು ನಿಲ್ಲಲಿ. ಹಿಂದೆ ಬಿದ್ದ ಮಕ್ಕಳಿಗೆ ಎಂಟನೇ ಕ್ಲಾಸಿನಿಂದಲೇ, ಶಾಲೆಯ ಹೊತ್ತಿನಲ್ಲೇ ಕಲಿಸಬೇಕು.

ಐದು: ಪ್ರತಿಭಾ ಕಾರಂಜಿಗೆ ಮುಂಚೆ ಕಲಿಸಿ, ಆಮೇಲೆ ಕರೆಯಿರಿ.

ಮೇಷ್ಟ್ರುಗಳೇ, ಈ ಜಗಳ ನಿಮ್ಮ ಮೇಲಲ್ಲ. ಬೈಗುಳ ನಿಮ್ಮ ಹೆಗಲ ಮೇಲೂ ಇಳಿದದ್ದು ನಮಗೆ ಗೊತ್ತು. ಆದರೆ ಅದನ್ನು ಮಕ್ಕಳ ತಲೆಗೆ ದಾಟಿಸುವ ಸೂಚನಾ ಪುಸ್ತಕಕ್ಕೆ ಸಹಿ ಹಾಕುವ ಮುಂಚೆ ಒಮ್ಮೆ ಪೆನ್ನು ಎತ್ತಿ ಹಿಡಿಯಿರಿ.

ತಂದೆತಾಯಿಗಳೇ, ಈ ಸಾರಿ ಶಾಲೆಗೆ ಹೋದಾಗ ಅಂಕ ಎಷ್ಟು ಎಂದು ಕೇಳಿ ವಾಪಸು ಬರಬೇಡಿ. ಗೋಡೆಯ ಮೇಲಿನ ಆ ಹಾಳೆಯ ಮುಂದೆ ನಿಲ್ಲಿ. ಓದಲು ಬಾರದಿದ್ದರೆ ಮಗಳ ಕೈಲಿ ಗಟ್ಟಿಯಾಗಿ ಓದಿಸಿ. ‘ಹಾಡಿನ ಪೀರಿಯಡ್ಡು ಎಲ್ಲಿ ಹೋಯ್ತು ಸಾರ್?’ ಅಂತ ಕೇಳಿ. ಉತ್ತರ ಬರುವವರೆಗೆ ಅಲ್ಲೇ ನಿಲ್ಲಿ.