ಸಂಕ್ರಾಂತಿಯ ಬಯಲಲ್ಲಿ ಒಂದು ಗಂಟೆ

2022ರ ಡಿಸೆಂಬರಿನ ಚಳಿಯಲ್ಲಿ ಮೂಡುಬಿದಿರೆಯಲ್ಲಿ ಜರುಗಿದ ಸ್ಕೌಟ್ಸ್-ಗೈಡ್ಸ್ ಜಾಂಬೂರಿಯನ್ನು ನಮ್ಮವರು ಇಂದಿಗೂ ಕೊಂಡಾಡುತ್ತಾರೆ. ಗನ್ನವರಂ ಪರಿಸರದ ನಮ್ಮ ಮಕ್ಕಳಿಗೋ ಸಂಕ್ರಾಂತಿ ಕೂಟವೆಂದರೆ ಎಳ್ಳು-ಬೆಲ್ಲ, ಛದ್ಮವೇಷ, ಬಹುಮಾನ, ಅಷ್ಟೆ. 2024ರ ಸೆಪ್ಟೆಂಬರಿನಲ್ಲಿ ಬುಡಮೇರು ಉಕ್ಕಿ ವಿಜಯವಾಡದ ಸಿಂಗ್ ನಗರ ಮುಳುಗಿದ್ದನ್ನು ಕಂಡ ಮೇಲೂ ಇಷ್ಟೇ ಸಾಕೆಂದರೆ ನಾನೊಪ್ಪಲಾರೆ. ಮೊಣಕಾಲುದ್ದದ ಹರಿವ ನೀರೂ ಮಗುವನ್ನು ಕೆಡವಬಲ್ಲದು. ಮುಳುಗುತ್ತಿರುವವನ ಹಿಂದೆ ತಾನೂ ಧುಮುಕದೆ, ಕೋಲನ್ನೋ ಹಗ್ಗವನ್ನೋ ಚಾಚಿ ಹಿರಿಯರನ್ನು ಕೂಗಬೇಕೆಂಬುದನ್ನು ಆರು ವರ್ಷದ ಮಗುವೂ ಕಲಿಯಬಲ್ಲದು. ಭೋಗಿಯ ಬೆಂಕಿ ಲಂಗಕ್ಕೆ ತಗುಲಿದರೆ ಓಡಕೂಡದು, ನೆಲದ ಮೇಲೆ ಉರುಳಬೇಕು. ದಾರಿ ತಪ್ಪಿದರೆ ಇದ್ದಲ್ಲೇ ನಿಲ್ಲಬೇಕು. ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ 10ನೆಯ ಬೆಟಾಲಿಯನ್ ನೆರೆಯ ಕೊಂಡಪಾವುಲೂರಿನಲ್ಲೇ ಇದೆ. ಕಾರ್ಯಕಾರಿ ಸಮಿತಿ ಅವರಿಗೊಂದು ಕಾಗದ ಬರೆಯಲಿ. ಛದ್ಮವೇಷದ ಒಂದು ಗಂಟೆಯನ್ನು ಇದಕ್ಕೆ ಬಿಟ್ಟುಕೊಡಲಿ. ಹಗ್ಗದ ಖರ್ಚನ್ನು ನಾನು ವಹಿಸಿಕೊಳ್ಳುತ್ತೇನೆ.