ಪರೀಕ್ಷೆಗೆ ಯಾವ ಗಾಡಿ ತಗೊಂಡು ಹೋಗಲಿ?



ಮಸ್ಕಿ ಕಡೆಯ ಓದುಗ ಸಹೋದರಿಯೊಬ್ಬರು ಫೋನ್ ಮಾಡಿ ಕೇಳಿದ ಪ್ರಶ್ನೆ ಇದು. "ಆಪಾ, ಎಲ್ಎಲ್ಆರ್ ಆಗಿದೆ. ಬರುವ ತಿಂಗಳು ಟೆಸ್ಟ್. ಮನೆಯಲ್ಲಿರೋದು ಇವರ ಸ್ಪ್ಲೆಂಡರ್ ಒಂದೇ. ನಾನು ಕಲಿತದ್ದು ತಂಗಿಯ ಸ್ಕೂಟಿ ಮೇಲೆ. ಯಾವುದನ್ನು ತಗೊಂಡು ಹೋಗಲಿ?"

"ಎಲ್ಎಲ್ಆರ್ ಕಾಗದದಲ್ಲಿ ಏನಂತ ಬರೆದಿದೆ ನೋಡಮ್ಮ" ಎಂದೆ. ಆಕೆ ಅದನ್ನು ನೋಡಿಯೇ ಇರಲಿಲ್ಲ. ಅರ್ಜಿ ತುಂಬಿದವನು ಕಂಪ್ಯೂಟರ್ ಅಂಗಡಿಯ ಹುಡುಗ. ಹೆಂಗಸರಿಗೆ ಗೇರ್ ಇಲ್ಲದ್ದೇ ತಾನೆ ಎಂದು ತಾನೇ ತೀರ್ಮಾನಿಸಿ ಹಾಗೇ ಹಾಕಿಬಿಟ್ಟಿದ್ದ.

ನಮ್ಮಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಪರೀಕ್ಷೆಗೆ ಯಾವ ಗಾಡಿ ಎಂಬುದು ಪರೀಕ್ಷೆಯ ದಿನ ಬೆಳಿಗ್ಗೆ ನಿರ್ಧರಿಸುವ ಮಾತಲ್ಲ. ಎಲ್ಎಲ್ಆರ್‌ಗೆ ಅರ್ಜಿ ಹಾಕುವಾಗಲೇ ಅದು ತೀರ್ಮಾನವಾಗಿ ಹೋಗುತ್ತದೆ. 1988ರ ಮೋಟಾರು ವಾಹನ ಕಾಯ್ದೆ ದ್ವಿಚಕ್ರ ವಾಹನಗಳನ್ನು ಗೇರ್ ಇಲ್ಲದವು, ಗೇರ್ ಇರುವವು ಎಂದು ಎರಡು ವರ್ಗ ಮಾಡಿದೆ. ಕಾಗದದ ಮೇಲೆ ಮೊದಲನೆಯದು ಎಂಸಿಡಬ್ಲ್ಯುಓಜಿ, ಎರಡನೆಯದು ಎಂಸಿಡಬ್ಲ್ಯುಜಿ. ನಡುವೆ ಒಂದು 'ಓ' ಇದೆಯೋ ಇಲ್ಲವೋ ಅಷ್ಟೇ ವ್ಯತ್ಯಾಸ. ಯಾವ ವರ್ಗಕ್ಕೆ ಎಲ್ಎಲ್ಆರ್ ಪಡೆದಿದ್ದೀರೋ ಅದೇ ವರ್ಗದ ಗಾಡಿಯಲ್ಲಿ ಪರೀಕ್ಷೆ ಕೊಡಬೇಕು. ಗೇರ್ ಗಾಡಿಯ ಲೈಸೆನ್ಸ್ ಇದ್ದವರು ಸ್ಕೂಟಿಯನ್ನೂ ಓಡಿಸಬಹುದು. ಸ್ಕೂಟಿಯಲ್ಲಿ ಲೈಸೆನ್ಸ್ ಪಡೆದವರು ಗೇರ್ ಗಾಡಿ ಮುಟ್ಟುವಂತಿಲ್ಲ.

ಹಾಗಾದರೆ ಎಲ್ಲರೂ ಗೇರ್ ಗಾಡಿಯಲ್ಲೇ ಪರೀಕ್ಷೆ ಕೊಡಬೇಕೆ? ನನ್ನ ಅಭಿಪ್ರಾಯದಲ್ಲಿ, ಬೇಕಿಲ್ಲ. ನಿಮ್ಮ ಮನೆ ಬಾಗಿಲಲ್ಲಿ ರಾತ್ರಿ ಯಾವ ಗಾಡಿ ನಿಂತಿರುತ್ತದೆ, ಅದನ್ನು ನೋಡಿ. ಸ್ಕೂಟಿಯೋ ಎಕ್ಸೆಲ್ಲೋ ಇದ್ದರೆ ಗೇರ್ ಇಲ್ಲದ್ದು ಸಾಕು. ಆದರೆ ಮನೆಯಲ್ಲಿರುವುದು ಯಜಮಾನರ ಬೈಕ್ ಒಂದೇ ಎಂದಾದರೆ ಕಷ್ಟವಾದರೂ ಅದನ್ನೇ ಕಲಿಯಿರಿ. ನಡುರಾತ್ರಿ ಮಗುವಿಗೆ ಜ್ವರ ಏರಿದಾಗ, ಯಜಮಾನರು ಊರಲ್ಲಿ ಇಲ್ಲದಾಗ ತಂಗಿಯ ಸ್ಕೂಟಿ ಸಿಂಧನೂರಿನಲ್ಲಿರುತ್ತದೆ, ನಿಮ್ಮ ಕೈಯ ಲೈಸೆನ್ಸ್ ಅಂಗಳದ ಬೈಕಿಗೆ ಬರುವುದಿಲ್ಲ.

"ಒಂದು ದಿನ ಓಡಿಸಿದರೆ ಏನಾಗುತ್ತೆ ಆಪಾ?" ಎನ್ನುತ್ತೀರಿ. ಪೊಲೀಸರ ಮಾತು ಬಿಡಿ, ವಿಮೆಯ ಮಾತು ಕೇಳಿ. ಆ ವರ್ಗದ ಲೈಸೆನ್ಸ್ ಇಲ್ಲದವರು ಓಡಿಸುವಾಗ ಇನ್ನೊಬ್ಬರಿಗೆ ಪೆಟ್ಟಾದರೆ ವಿಮಾ ಕಂಪನಿ ತಕರಾರು ಎತ್ತಬಹುದು. ಸ್ವರಣ್ ಸಿಂಗ್ ಪ್ರಕರಣದಲ್ಲಿ 2004ರಲ್ಲಿ ಸುಪ್ರೀಂ ಕೋರ್ಟ್ ಈ ವಿಷಯವನ್ನು ವಿವರವಾಗಿ ನೋಡಿದೆ. ಪೆಟ್ಟು ತಿಂದವರಿಗೆ ಕಂಪನಿಯಿಂದ ಮೊದಲು ಪರಿಹಾರ ಕೊಡಿಸಿ, ಗಾಡಿಯ ಮಾಲೀಕರ ತಪ್ಪು ಸಾಬೀತಾದರೆ ಆ ಹಣವನ್ನು ಅವರಿಂದ ವಸೂಲು ಮಾಡಲು ಅವಕಾಶವಿದೆ. ಮಾಲೀಕರು ಯಾರು? ನಿಮ್ಮ ಯಜಮಾನರೋ, ಅಣ್ಣನೋ, ಮೈದುನನೋ. ಪರಿಹಾರದ ಮೊತ್ತ ಲಕ್ಷಗಳಲ್ಲಿರುತ್ತದೆ. ಮನೆ ಮಾರುವ ಲೆಕ್ಕ ಅದು.

ಈಗ ಗಾಡಿಗಳನ್ನು ಒಂದೊಂದಾಗಿ ನೋಡೋಣ.

ನಮ್ಮ ಸೀಮೆಯಲ್ಲಿ ಎಕ್ಸೆಲ್ ಎಂದರೆ ಅಕ್ಕಿ ಮೂಟೆ ಹೊರುವ ಗಾಡಿ ಎಂದು ನಗುವವರಿದ್ದಾರೆ. ನಗಲಿ ಬಿಡಿ. ಎಂಟು ಹಾಕುವುದಕ್ಕೆ ಅದರಷ್ಟು ಸಲೀಸಾದ ಗಾಡಿ ನಾನು ಕಂಡಿಲ್ಲ. ಹಗುರ, ಸೀಟು ತಗ್ಗು, ಮುಂದೆ ಬಯಲು, ಗೇರ್ ಇಲ್ಲ. ಎಂಟರ ಆಕಾರದಲ್ಲಿ ತಿರುಗಿಸುವಾಗ ನೆಲಕ್ಕೆ ಕಾಲು ತಾಗಬಾರದು ತಾನೆ? ಕಾಲು ನೆಲಕ್ಕೆ ಎಟುಕುತ್ತದೆ ಎಂಬ ಧೈರ್ಯ ಇದ್ದವರೇ ಕಾಲು ಊರದೆ ತಿರುಗಿಸುತ್ತಾರೆ. ಆಕ್ಟಿವಾದಂಥ ಸ್ಕೂಟರ್ 100 ಕೆ.ಜಿ. ಮೀರಿ ತೂಗುತ್ತದೆ. ಕುಳ್ಳಗಿರುವವರು ಕೂತು ನೋಡಿಯೇ ಆರಿಸಿಕೊಳ್ಳಿ.

ಸ್ಕೂಟರ್ ಎಂದ ಮಾತ್ರಕ್ಕೆ ಗೇರ್ ಇಲ್ಲ ಎಂದುಕೊಳ್ಳಬೇಡಿ. ಅಬ್ಬಾಜಾನರ ಕಾಲದ ಬಜಾಜ್ ಚೇತಕ್ ಇನ್ನೂ ಕೆಲವರ ಮನೆಯಲ್ಲಿದೆ. ಕೈಯಲ್ಲೇ ಗೇರ್ ಬದಲಿಸುವ ಆ ಗಾಡಿ ಗೇರ್ ವರ್ಗಕ್ಕೆ ಸೇರಿದ್ದು. ಅದೇ ಹೆಸರಿನಲ್ಲಿ 2020ರಲ್ಲಿ ಬಂದ ಬ್ಯಾಟರಿ ಚೇತಕ್‌ಗೆ ಗೇರ್ ಇಲ್ಲ.

ಬ್ಯಾಟರಿ ಗಾಡಿಗಳ ವಿಷಯದಲ್ಲಿ ತುಸು ಎಚ್ಚರ ಬೇಕು. "ಲೈಸೆನ್ಸ್ ಬೇಡ, ನಂಬರ್ ಬೇಡ" ಎಂದು ಮಾರುವ ಚಿಕ್ಕ ಸ್ಕೂಟರ್‌ಗಳಿವೆ. ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಇದ್ದರೆ ಆ ಮಾತು ನಿಜ. ಆದರೆ ನೋಂದಣಿಯೇ ಇಲ್ಲದ ಆ ಗಾಡಿಯನ್ನು ಪರೀಕ್ಷೆಗೆ ಒಯ್ದರೆ ಪ್ರಯೋಜನವಿಲ್ಲ. ಅಂಗಡಿಯವರು ಹಾಗೆ ಹೇಳಿ ಮಾರಿದ್ದು 40ರಲ್ಲಿ ಓಡುತ್ತಿದ್ದರೆ ಅದಕ್ಕೆ ನಂಬರೂ ಬೇಕು, ನಿಮಗೆ ಲೈಸೆನ್ಸೂ ಬೇಕು. ನಂಬರ್ ಇರುವ ಬ್ಯಾಟರಿ ಸ್ಕೂಟರನ್ನು ಗೇರ್ ಇಲ್ಲದ ವರ್ಗದ ಪರೀಕ್ಷೆಗೆ ಧಾರಾಳವಾಗಿ ಒಯ್ಯಬಹುದು.

ಗಾಡಿ ನಿಮ್ಮ ಹೆಸರಿನಲ್ಲೇ ಇರಬೇಕೆಂದಿಲ್ಲ, ಕೇಳಿ ತಂದದ್ದಾದರೂ ಸರಿ. ಅದರ ಕಾಗದ ಮಾತ್ರ ಸರಿಯಾಗಿರಬೇಕು: ಆರ್‌ಸಿ, ವಿಮೆ, ಹೊಗೆ ತಪಾಸಣೆಯ ಸರ್ಟಿಫಿಕೇಟ್. 2018ರ ಸೆಪ್ಟೆಂಬರ್‌ನಿಂದ ಹೊಸ ದ್ವಿಚಕ್ರ ವಾಹನಕ್ಕೆ 5 ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಮಾಡಿಸುತ್ತಾರೆ. ಐದು ವರ್ಷ ನಿಶ್ಚಿಂತೆಯಿಂದ ಇದ್ದವರು ಆರನೇ ವರ್ಷ ಮರೆತೇಬಿಡುತ್ತಾರೆ. ಗಾಡಿಗೆ 15 ವರ್ಷ ದಾಟಿದ್ದರೆ ಆರ್‌ಸಿ ನವೀಕರಣವಾಗಿದೆಯೇ ನೋಡಿ. ಸಿಂಧನೂರಿನ ಸುತ್ತ ಕ್ಯಾಂಪುಗಳಲ್ಲಿ ಆಂಧ್ರ, ತೆಲಂಗಾಣದ ನಂಬರಿನ ಗಾಡಿಗಳು ಬೇಕಾದಷ್ಟಿವೆ. ಬೇರೆ ರಾಜ್ಯದ ಗಾಡಿ ಇಲ್ಲಿ 12 ತಿಂಗಳಿಗಿಂತ ಹೆಚ್ಚು ಉಳಿದರೆ ಇಲ್ಲಿನ ನಂಬರಿಗೆ ಬದಲಿಸಬೇಕೆಂದು ಕಾಯ್ದೆ ಹೇಳುತ್ತದೆ. ಅಂಥ ಗಾಡಿ ಕೇಳಿ ತಂದು ಅಧಿಕಾರಿಯ ಮುಂದೆ ನಿಲ್ಲಿಸುವುದಕ್ಕಿಂತ ಕೆ.ಎ. 36ರದ್ದನ್ನೇ ಹುಡುಕಿ.

ಇನ್ನು ಬುರ್ಖಾ, ದುಪಟ್ಟಾ. ಹಿಂದೆ ಕೂತವರ ಬಟ್ಟೆ ಸಿಕ್ಕದಂತೆ ಹಿಂಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಭಾಗಕ್ಕೆ ಮರೆ, ಹಿಡಿದುಕೊಳ್ಳಲು ಹಿಡಿ, ಕಾಲಿಡಲು ಫುಟ್‌ರೆಸ್ಟ್ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇದೆ. ನಾವು ಸೀರೆ ಗಾರ್ಡ್ ಎನ್ನುವುದು ಅದನ್ನೇ. ನಮ್ಮ ಹುಡುಗರು ಚೆಂದಕ್ಕೆಂದು ಮೊದಲು ಬಿಚ್ಚುವುದೂ ಅದನ್ನೇ! ಹಾಗೆ ಬಿಚ್ಚಿದ ಬೈಕನ್ನು ಪರೀಕ್ಷೆಗೂ ಒಯ್ಯಬೇಡಿ, ಅದರ ಹಿಂದೆಯೂ ಕೂರಬೇಡಿ. ಓಡಿಸುವಾಗ ಬುರ್ಖಾದ ಅಂಚನ್ನು ತೊಡೆಯಡಿಗೆ ಸೇರಿಸಿ ಕೂತುಕೊಳ್ಳಿ. ದುಪಟ್ಟಾದ ತುದಿ ಜೋತಾಡದಂತೆ ಪಿನ್ ಮಾಡಿ. ಸ್ಕಾರ್ಫ್ ಮೇಲೆಯೇ ಹೆಲ್ಮೆಟ್ ಹಾಕಬಹುದು. ಜಾರುವ ಬಟ್ಟೆ ಬೇಡ, ಹತ್ತಿಯದ್ದಿರಲಿ. ಹೆಲ್ಮೆಟ್ ಕೊಳ್ಳುವಾಗಲೇ ಸ್ಕಾರ್ಫ್ ಕಟ್ಟಿಕೊಂಡು ಅಳತೆ ನೋಡಿ.

ಪರೀಕ್ಷೆ ಎಲ್ಲಿ ನಡೆಯುತ್ತದೆ ಎಂಬುದನ್ನು ದಿನ ಗೊತ್ತುಮಾಡುವಾಗಲೇ ನೋಡಿಕೊಳ್ಳಿ. ಸಾರಥಿ ತಾಣದಲ್ಲಿ ಪಿನ್‌ಕೋಡ್ ಹಾಕಿದರೆ ನಿಮ್ಮ ಕಚೇರಿ ಯಾವುದೆಂದು ತೋರಿಸುತ್ತದೆ. ರಾಯಚೂರಿಗೇ ಹೋಗಬೇಕಾದರೆ ಸಿಂಧನೂರಿನಿಂದಲೂ ಲಿಂಗಸುಗೂರಿನಿಂದಲೂ ಸುಮಾರು 80-90 ಕಿ.ಮೀ. ಗಾಡಿಯೂ ಅಲ್ಲಿಗೆ ತಲುಪಬೇಕಲ್ಲ! ಎಲ್ಎಲ್ಆರ್ ಹಿಡಿದು ನೀವೊಬ್ಬರೇ ಓಡಿಸಿಕೊಂಡು ಹೋಗುವಂತಿಲ್ಲ. ಲೈಸೆನ್ಸ್ ಇರುವವರು ಕಲಿಸುವವರಾಗಿ ಜೊತೆಗಿರಬೇಕು, ಬಿಳಿ ಹಲಗೆಯ ಮೇಲೆ ಕೆಂಪು 'ಎಲ್' ಇರಬೇಕು. ಕಲಿಸುವವರ ಹೊರತು ಬೇರೆ ಯಾರನ್ನೂ ಹಿಂದೆ ಕೂರಿಸಬಾರದು. ಮಗುವನ್ನು ಶಾಲೆಗೆ ಬಿಡುವುದೂ ಲೈಸೆನ್ಸ್ ಬಂದ ಮೇಲೆಯೇ. ಹೊರಡುವ ಹಿಂದಿನ ದಿನ ಬ್ರೇಕ್, ಹಾರ್ನ್, ಇಂಡಿಕೇಟರ್, ಚಕ್ರದ ಗಾಳಿ ನೋಡಿಸಿ. ಅಂದೇ ಮೊದಲ ಸಲ ಕೂರುವ ಹೊಸ ಗಾಡಿಗಿಂತ ಕೈಗೆ ಪಳಗಿದ ಹಳೆಯ ಗಾಡಿ ಎಷ್ಟೋ ಮೇಲು. ತಪ್ಪಿದರೆ 7 ದಿನದ ನಂತರ ಮತ್ತೆ ಹೋಗಬಹುದು. ಮೂರು ಸಲ ತಪ್ಪಿದರೆ 60 ದಿನ ಕಾಯಬೇಕು.

ಲಿಂಗಸುಗೂರಿನ ಒಬ್ಬ ತಾಯಿಯ ಪ್ರಶ್ನೆಯೂ ಇದೆ. ಮಗಳು ಪಿಯುಸಿ, ವಯಸ್ಸು 16, ಸ್ಕೂಟಿಗೆ ಲೈಸೆನ್ಸ್ ಸಿಗುತ್ತದೆಯೇ ಎಂದು. 16ಕ್ಕೆ ಲೈಸೆನ್ಸ್ ಇದೆ, ಆದರೆ ಅದು 50 ಸಿಸಿ ಮೀರದ ಗಾಡಿಗೆ, ಅದೂ ಪೋಷಕರ ಒಪ್ಪಿಗೆ ಇದ್ದರೆ. ಹಿಂದೆ 50 ಸಿಸಿಯ ಮೊಪೆಡ್‌ಗಳಿದ್ದವು. ಇಂದಿನ ಎಕ್ಸೆಲ್ಲೇ ಸುಮಾರು 100 ಸಿಸಿ, ಆಕ್ಟಿವಾ ಅದಕ್ಕೂ ಹೆಚ್ಚು. ಆದ್ದರಿಂದ 18 ತುಂಬುವವರೆಗೆ ಕಾಯಿರಿ. 2019ರ ತಿದ್ದುಪಡಿಯ ನಂತರ ಅಪ್ರಾಪ್ತರು ಓಡಿಸಿ ಅಪರಾಧವಾದರೆ ತಂದೆತಾಯಿಗೆ ಅಥವಾ ಗಾಡಿ ಮಾಲೀಕರಿಗೆ 25,000 ರೂ. ದಂಡ ಮತ್ತು 3 ವರ್ಷದವರೆಗೆ ಸೆರೆ ಎಂದಿದೆ. ಗಾಡಿಯ ನೋಂದಣಿ 12 ತಿಂಗಳು ರದ್ದಾಗುತ್ತದೆ, ಮಗಳಿಗೆ 25 ತುಂಬುವವರೆಗೆ ಎಲ್ಎಲ್ಆರ್ ಸಿಗುವುದಿಲ್ಲ.

ಮಸ್ಕಿಯ ಸಹೋದರಿಗೆ ನಾನು ಹೇಳಿದ್ದು ಇಷ್ಟು. ಕಾಗದದಲ್ಲಿ 'ಓ' ಇರುವುದರಿಂದ ಈ ಸಲ ತಂಗಿಯ ಸ್ಕೂಟಿಯನ್ನೇ ತಗೊಂಡು ಹೋಗಿ ಲೈಸೆನ್ಸ್ ಪಡೆಯಿರಿ. ಆಮೇಲೆ ಗೇರ್ ವರ್ಗವನ್ನು ಸೇರಿಸಲು ಹೊಸ ಎಲ್ಎಲ್ಆರ್‌ಗೆ ಅರ್ಜಿ ಹಾಕಿ, ಯಜಮಾನರನ್ನು ಹಿಂದೆ ಕೂರಿಸಿಕೊಂಡು ಅವರ ಸ್ಪ್ಲೆಂಡರ್ ಕಲಿಯಿರಿ. 30 ದಿನ ಕಳೆದ ಮೇಲೆ ಆ ಗಾಡಿಯಲ್ಲೇ ಪರೀಕ್ಷೆಗೆ ಹೋಗಬಹುದು. ಎಲ್ಎಲ್ಆರ್ 6 ತಿಂಗಳು ನಡೆಯುತ್ತದೆ, ಅವಸರವೇನಿಲ್ಲ. "ಅವರು ಗಾಡಿ ಕೊಡಬೇಕಲ್ಲ ಆಪಾ!" ಎಂದು ಆಕೆ ನಕ್ಕರು. ಅರ್ಜಿಯನ್ನು ಈ ಸಲ ತಾನೇ ಮುಂದೆ ಕೂತು ತುಂಬಿಸುತ್ತೇನೆ ಎಂದೂ ಹೇಳಿದರು.